ತೊಟ್ಟಿಲ ಕೂಸಿನ ಭಾವಚಿತ್ರ

ಮನೆಯಲ್ಲಿ ಕೂಸು ಹುಟ್ಟಿತೆಂದರೆ ಹಿಂದೆ ಹಿರಿಯರು ಮೊದಲು ಗಡಿಯಾರದ ಕಡೆಗೆ ನೋಡುತ್ತಿದ್ದರು. ಜಾತಕವನ್ನು ಬರೆಯಿಸುವುದಕ್ಕೆ ಜನನಕಾಲವು ತಪ್ಪಿಲ್ಲದೆ ತಿಳಿದಿರಬೇಕಷ್ಟೆ. ಈಗ ಅದನ್ನು ಬೇರೆಯಾಗಿ ಗುರುತು ಹಾಕಿಡಬೇಕಾದ ಅವಶ್ಯವು ಅಷ್ಟಾಗಿ ಉಳಿದಿಲ್ಲ. ಹೆರಿಗೆಯ ಕೋಣೆಯಿಂದ ದಾದಿಯು ಕೂಸನ್ನು ಹೊರಗೆ ತಂದು ತೋರಿಸುವಷ್ಟರಲ್ಲಿಯೇ ತಂದೆಯ ಕೈಯ ಮೊಬೈಲು ಮೇಲಕ್ಕೆದ್ದಿರುವುದು. ತೆಗೆದ ಚಿತ್ರದೊಡನೆಯೇ ದಿನ, ಗಂಟೆ, ನಿಮಿಷಗಳೆಲ್ಲ ದಾಖಲಾಗಿರುವುವು. ನಡುವಿನ ನಾಲ್ಕೆಂಟು ನಿಮಿಷಗಳನ್ನು ಜೋಯಿಸರು ಕಳೆದುಕೊಂಡರಾಯಿತು! ಕೂಸು ನೆಟ್ಟಗೆ ಕಣ್ಣು ಬಿಟ್ಟು ತಾಯಿಯ ಮುಖವನ್ನು ನೋಡುವ ಮೊದಲೇ ಅದರ ಮುಖವನ್ನು ಕೊಕ್ಕಡದ ತೋಟದ ಮನೆಯ ಅಜ್ಜಿಯೂ, ಬೆಂಗಳೂರಿನ ಚಿಕ್ಕಪ್ಪನೂ, ದುಬಾಯಿಯಲ್ಲಿರುವ ಸೋದರಮಾವನೂ ನೋಡಿಯಾಗಿರುತ್ತದೆ. ಇದು ಒಳ್ಳೆಯದೋ ಕೆಟ್ಟದೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದಕ್ಕೆ ನಾನು ಹೊರಟವನಲ್ಲ. ಆದರೆ ಈ ಪಟಗಳು ಯಾರವು, ಅವನ್ನು ಯಾರಿಗೆ ತೋರಿಸಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಯು ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಅತ್ತೆ ಸೊಸೆಯರ ನಡುವೆ, ತಂದೆ ಮಕ್ಕಳ ನಡುವೆ ಎದ್ದಿರುವುದನ್ನು ಕಂಡು, ಅದನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬೇಕೆಂದು ಮನಸ್ಸಾಯಿತು.

ನಮ್ಮ ಬಾಲ್ಯದಲ್ಲಿ, ಎಂದರೆ 1970ರ ಆಸುಪಾಸಿನಲ್ಲಿ, ಹಳ್ಳಿಯ ಕೂಸಿನ ಭಾವಚಿತ್ರವನ್ನು ತೆಗೆಯಿಸುವುದೆಂದರೆ ಅದೊಂದು ಯಾತ್ರೆಯೇ ಆಗಿದ್ದಿತು. ಪುತ್ತೂರಿಗೋ ಮಂಗಳೂರಿಗೋ ಬಸ್ಸು ಹತ್ತಿ ಹೋಗಬೇಕು. ಸ್ಟುಡಿಯೋದೊಳಗೆ ಮೇಜಿನ ಮೇಲೆ ಬಟ್ಟೆ ಹಾಸಿ, ಕೂಸನ್ನು ಕವುಚಿ ಮಲಗಿಸಿ, ಅದು ತಲೆಯೆತ್ತುವ ಕ್ಷಣಕ್ಕಾಗಿ ಎಲ್ಲರೂ ಉಸಿರು ಬಿಗಿಹಿಡಿದು ಕಾಯಬೇಕು. ಸ್ಟುಡಿಯೋದವನು ಕ್ಯಾಮರಾದ ಹಿಂದೆ ನಿಂತು ಗಿಲಕಿಯನ್ನಾಡಿಸುವನು; ಕೂಸು ಅಳುವುದು; ಬೆವರಿಗೆ ಕರಗಿದ ಕೆನ್ನೆಯ ಕಾಡಿಗೆ ಬೊಟ್ಟನ್ನು ಮತ್ತೆ ಇಡಬೇಕಾಗುವುದು. ಆ ಬೊಟ್ಟು ಚಿತ್ರದಲ್ಲಿ ಕಾಣಲೇಬೇಕೆಂದು ಅಜ್ಜಿಯ ಕಟ್ಟಪ್ಪಣೆ. ಪಟ ನೋಡುವವರ ಕಣ್ಣೂ ಕಣ್ಣೇ ಅಲ್ಲವೆ? ಹಲವು ಮನೆಗಳಲ್ಲಿ ವರ್ಷ ತುಂಬುವ ಮೊದಲು ಪಟ ತೆಗೆಯಿಸುವುದೇ ಕೂಡದು, ಆಯುಷ್ಯ ಕುಂದುವುದು ಎಂಬ ನಂಬಿಕೆಯೂ ಇದ್ದಿತು. ಪಟದಿಂದ ಆಯುಷ್ಯ ಕುಂದದು, ನಿಜ. ಆದರೆ ಹುಟ್ಟಿದ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ಕಣ್ಮರೆಯಾಗುವುವು ಬಹಳವಾಗಿದ್ದ ಕಾಲದ ಮಾತದು. ಹೋದ ಕೂಸಿನ ಮುಖವನ್ನು ಗೋಡೆಯ ಮೇಲೆ ನಿತ್ಯವೂ ನೋಡಬೇಕಾದ ತಾಯಿಯ ಸಂಕಟವನ್ನು ಬಲ್ಲವರು ಯಾರೋ ಆ ನಿಷೇಧವನ್ನು ಮೊದಲು ಹೇಳಿರಬೇಕೆಂದು ನನಗೆ ತೋರುವುದು.

ಕೂಸಿನ ಪಟ ತೆಗೆಯುವ ಹಂಬಲವು ಛಾಯಾಗ್ರಹಣದಷ್ಟೇ ಹಳೆಯದು. 1839ರಲ್ಲಿ ಫ್ರಾನ್ಸ್ ದೇಶದಲ್ಲಿ ಈ ವಿದ್ಯೆಯು ಪ್ರಕಟವಾದಾಗ, ಒಂದು ಚಿತ್ರ ಮೂಡಬೇಕಾದರೆ ಎದುರಿಗಿದ್ದವರು ಕೆಲವು ನಿಮಿಷಗಳ ಕಾಲ ಅಲುಗಾಡದೆ ಇರಬೇಕಾಗಿದ್ದಿತು. ಮುಂದೆ ಅದು ಸೆಕೆಂಡುಗಳಿಗೆ ಇಳಿಯಿತಾದರೂ ಕೂಸುಗಳು ಅಷ್ಟು ಹೊತ್ತಾದರೂ ಸುಮ್ಮನಿರುವುವೆ? ಆದಕಾರಣ ಇಂಗ್ಲೆಂಡಿನ ಸ್ಟುಡಿಯೋಗಳಲ್ಲಿ ತಾಯಿಯನ್ನು ಕುರ್ಚಿಯ ಮೇಲೆ ಕುಳ್ಳಿರಿಸಿ, ಅವಳ ತಲೆಯಿಂದ ಕಾಲಿನವರೆಗೆ ಬಟ್ಟೆ ಮುಚ್ಚಿ, ಅವಳ ಮಡಿಲಲ್ಲಿ ಕೂಸನ್ನಿಟ್ಟು ಚಿತ್ರ ತೆಗೆಯುತ್ತಿದ್ದರು. ಅಂಥ ಚಿತ್ರಗಳು ಈಗಲೂ ಉಳಿದಿವೆ: ಕೂಸು ನೆಮ್ಮದಿಯಾಗಿ ಕುಳಿತಿರುವುದು, ಹಿಂದೆ ಬಟ್ಟೆ ಹೊದಿಸಿದ ಕುರ್ಚಿಯಂತೆ ಕಾಣುವ ಒಂದು ಆಕಾರ, ಆ ಬಟ್ಟೆಯ ಕೆಳಗಿನಿಂದ ಚಾಚಿ ಕೂಸಿನ ಸೊಂಟವನ್ನು ಹಿಡಿದ ಎರಡು ಕೈಗಳು. ನೋಡಿದರೆ ನಗುವೂ ಬರುವುದು, ಮನಸ್ಸೂ ಕರಗುವುದು.

ಇನ್ನು ಈ ಕಾಲದ ಡಿಜಿಟಲ್ ಚಿತ್ರದ ಹುಟ್ಟನ್ನು ಕೇಳಿರಿ. ಅದೂ ತೊಟ್ಟಿಲಿನ ಬಳಿಯಲ್ಲಿಯೇ ಆದುದು. 1957ರಲ್ಲಿ ಅಮೆರಿಕದ ಸರಕಾರಿ ಮಾನಕ ಸಂಸ್ಥೆಯಲ್ಲಿ ರಸೆಲ್ ಕರ್ಶ್ ಎಂಬ ವಿಜ್ಞಾನಿಯು ಚಿತ್ರವನ್ನು ಅಂಕೆಗಳಾಗಿ ಮಾರ್ಪಡಿಸಿ ಕಂಪ್ಯೂಟರಿನೊಳಗೆ ಸೇರಿಸುವ ಯಂತ್ರವನ್ನು ನಿರ್ಮಿಸಿದಾಗ, ಅದಕ್ಕೆ ಮೊದಲು ಕೊಟ್ಟುದು ತನ್ನ ಮೂರು ತಿಂಗಳ ಮಗನ ಭಾವಚಿತ್ರವನ್ನು. ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕಿಗಳು. ಅಷ್ಟೇ ಅದರ ವಿಸ್ತಾರ. ಅದಾದ ನಲುವತ್ತು ವರ್ಷಗಳ ಮೇಲೆ, 1997ರ ಜೂನ್ 11ರಂದು, ಕ್ಯಾಲಿಫೋರ್ನಿಯಾದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಫಿಲಿಪ್ ಕಾಹ್ನ್ ಎಂಬ ತಂತ್ರಜ್ಞನು ತನ್ನ ಪುಟ್ಟ ಕ್ಯಾಮರಾವನ್ನೂ ಮೊಬೈಲನ್ನೂ ಮಡಿಲ ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿ, ಆಗ ತಾನೆ ಹುಟ್ಟಿದ ಮಗಳ ಚಿತ್ರವನ್ನು ತೆಗೆದು ಸುಮಾರು 2000 ಮಂದಿ ಬಂಧುಮಿತ್ರರಿಗೆ ಕ್ಷಣಮಾತ್ರದಲ್ಲಿ ಕಳುಹಿಸಿದನು. ಹೆಂಡತಿ ಹೆರುತ್ತಿರುವಾಗ ಪಕ್ಕದಲ್ಲಿ ಕುಳಿತು ತಂತಿ ಬೆಸೆಯುತ್ತಿದ್ದ ಗಂಡನಿಗೆ ಆಕೆಯು ಏನೆಂದಳೋ! ಅಂತೂ ಮೊಬೈಲಿನಿಂದ ಲೋಕಕ್ಕೆ ಹಂಚಲ್ಪಟ್ಟ ಮೊದಲ ಚಿತ್ರವೆಂದು ಹೆಸರಾದುದು ಹಸುಗೂಸಿನ ಚಿತ್ರವೇ. ಅದನ್ನು ಒಮ್ಮೆಗೇ 2000 ಮಂದಿಗೆ ಹಂಚಿದುದೂ ಆ ಮೊದಲ ದಿನವೇ.

ಇದರ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವನ್ನು ಓದಿದವರು ಬಲ್ಲರು: ರಾಮನೂ ಗರ್ಭಿಣಿಯಾದ ಸೀತೆಯೂ ಲಕ್ಷ್ಮಣನೂ ಕುಳಿತು, ತಮ್ಮ ಹಿಂದಿನ ಜೀವನವನ್ನು ಬಣ್ಣದಲ್ಲಿ ಬರೆಯಿಸಿದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ನಗುವರು, ಅಳುವರು. ಆ ಚಿತ್ರಸಾಲೆಯಲ್ಲಿ ಎಲ್ಲವೂ ಇದ್ದಿತು. ಮುಂದೆ ಹುಟ್ಟಲಿದ್ದ ಕುಶಲವರ ಶೈಶವವೊಂದು ಮಾತ್ರ ಆ ತಂದೆಗೆ ಚಿತ್ರದಲ್ಲಿಯೂ ಲಭಿಸಲಿಲ್ಲ. ಮಕ್ಕಳು ಬೆಳೆದು ಎದುರಿಗೆ ಬಂದು ನಿಂತಾಗ ಅವನಿಗೆ ಅವರ ಗುರುತೇ ಇಲ್ಲ. ನಮ್ಮ ಕಡೆಯಿಂದ ಕೊಲ್ಲಿಯ ದೇಶಗಳಿಗೆ ದುಡಿಯಲು ಹೋದ ಎಷ್ಟು ಮಂದಿ ತಂದೆಯರು 1980ರ ದಶಕದಲ್ಲಿ ಇದೇ ಪಾಡನ್ನು ಅನುಭವಿಸಿಲ್ಲ? ಎರಡು ವರ್ಷಗಳ ಮೇಲೆ ರಜೆಯಲ್ಲಿ ಬಂದರೆ ಮಗುವು "ಇವರು ಯಾರಮ್ಮಾ?" ಎಂದು ತಾಯಿಯ ಸೆರಗಿನ ಹಿಂದೆ ಅಡಗುವುದು. 2020ರಲ್ಲಿ ಕೊರೋನಾ ಜಾಡ್ಯದಿಂದ ಊರೂರುಗಳ ಬಾಗಿಲು ಮುಚ್ಚಿದಾಗ, ಬೆಂಗಳೂರಿನಲ್ಲಿ ಹುಟ್ಟಿದ ಮೊಮ್ಮಕ್ಕಳ ನಾಮಕರಣವನ್ನು ಇಲ್ಲಿನ ಅಜ್ಜ ಅಜ್ಜಿಯರು ಸಿಗ್ನಲ್ ಸಿಕ್ಕುವ ಗುಡ್ಡದ ಬದಿಯಲ್ಲಿ ನಿಂತು ನೋಡಿ ಕಣ್ಣೊರಸಿಕೊಂಡರು.

ಇನ್ನೊಂದು ಉಪಕಾರವನ್ನು ತಾಯಂದಿರೆಲ್ಲರೂ ತಿಳಿದಿರಬೇಕು. ಫ್ಲಾಶ್ ಬೆಳಕಿನಲ್ಲಿ ತೆಗೆದ ಪಟಗಳಲ್ಲಿ ಕಣ್ಣಿನ ಪಾಪೆಯು ಕೆಂಪಾಗಿ ಕಾಣುವುದುಂಟು, ಅದು ಸಹಜ. ಆದರೆ ಒಂದು ಕಣ್ಣು ಕೆಂಪಾಗಿದ್ದು ಇನ್ನೊಂದರ ಪಾಪೆಯು ಬಿಳಿಯಾಗಿಯೋ ಹಳದಿಯಾಗಿಯೋ ಹೊಳೆಯುವುದು ಒಂದಕ್ಕಿಂತ ಹೆಚ್ಚು ಪಟಗಳಲ್ಲಿ ಕಂಡುಬಂದರೆ, ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸತಕ್ಕದ್ದು. ಎಳೆಯ ಮಕ್ಕಳ ಕಣ್ಣಿನೊಳಗೆ ಬೆಳೆಯುವ ರೆಟಿನೋಬ್ಲಾಸ್ಟೋಮಾ ಎಂಬ ಅರ್ಬುದದ ಮೊದಲ ಗುರುತು ಹಾಗೆಯೇ ಕಾಣಿಸಿಕೊಳ್ಳುವುದು. ಬೇಗನೆ ತಿಳಿದರೆ ಜೀವವನ್ನೂ ಅನೇಕ ವೇಳೆ ದೃಷ್ಟಿಯನ್ನೂ ಉಳಿಸಬಹುದು. ಅಮೆರಿಕದ ಟೆಕ್ಸಾಸಿನ ರಸಾಯನಶಾಸ್ತ್ರಜ್ಞರೊಬ್ಬರು, ಮಗನಿಗೆ ಈ ರೋಗವಿದೆಯೆಂದು ತಿಳಿದ ಮೇಲೆ ಅವನ ಹಳೆಯ ಪಟಗಳನ್ನೆಲ್ಲ ಸಾವಿರಗಟ್ಟಲೆ ತಿರುವಿ ನೋಡಲು, ಕೂಸು ಹುಟ್ಟಿದ 12ನೆಯ ದಿನದ ಪಟದಲ್ಲಿಯೇ ಆ ಬಿಳಿಯ ಹೊಳಪು ಇದ್ದಿತಂತೆ. ಬಿಳಿಯಾಗಿ ಕಂಡುದೆಲ್ಲವೂ ರೋಗವಲ್ಲ; ಬೆಳಕು ಬಿದ್ದ ಕೋನದಿಂದಲೂ ಹಾಗೆ ಕಾಣಬಹುದು. ಗಾಬರಿಯಾಗಬೇಡಿ, ಆದರೆ ತೋರಿಸಿರಿ. ಪಟವನ್ನು ಹತ್ತು ಕಡೆಗೆ ಕಳುಹಿಸುವುದಕ್ಕಿಂತ ನಾವೇ ಕುಳಿತು ಹತ್ತು ಸಲ ನೋಡುವುದರಲ್ಲಿ ಲಾಭ ಹೆಚ್ಚು.

ಇಷ್ಟಾದ ಮೇಲೆ ತಕರಾರು ಎಲ್ಲಿ? ನಮ್ಮ ನೆರೆಮನೆಯ ಅಡಕೆ ಕೃಷಿಕರೊಬ್ಬರು ಒಂದು ಸಂಜೆ ಮುಖ ಊದಿಸಿಕೊಂಡು ನಮ್ಮ ಜಗಲಿಗೆ ಬಂದರು.

"ಮಾಷ್ಟ್ರೇ, ನನ್ನ ಮೊಮ್ಮಗಳ ಪಟವನ್ನು ನಾನು ನಾಲ್ಕು ಜನಕ್ಕೆ ತೋರಿಸಬಾರದಂತೆ. ಸೊಸೆ ಫೋನಿನಲ್ಲಿ ಹೇಳಿದಳು. ಇದೆಂಥ ಕಾಲ? ನಮ್ಮ ಕೂಸು ನಮ್ಮದಲ್ಲವೋ?"

ವಿಚಾರಿಸಲಾಗಿ ತಿಳಿದುದಿಷ್ಟು. ಬೆಂಗಳೂರಿನಿಂದ ಸೊಸೆಯು ಅತ್ತೆಗೆ ಒಂದು ಪಟವನ್ನು ಕಳುಹಿಸಿದ್ದಳು. ಕೂಸಿಗೆ ಎಣ್ಣೆ ಹಚ್ಚಿ, ಕಾಲು ನೀಡಿ ಕುಳಿತ ಹಿರಿಯಾಕೆಯ ಕಾಲಿನ ಮೇಲೆ ಮಲಗಿಸಿ ಮೀಯಿಸುತ್ತಿರುವ ಚಿತ್ರ. ಅತ್ತೆಯಿಂದ ಅದು ಮಾವನ ಮೊಬೈಲಿಗೆ ಬಂದಿತು. ಮಾವನವರು ಸಂತೋಷ ತಡೆಯಲಾರದೆ ತಮ್ಮ ಅಡಕೆ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಿದರು. ಚಾಲಿಯ ಧಾರಣೆಗೂ ಕೊಳೆರೋಗದ ಮದ್ದಿಗೂ ನಡುವೆ ಎಣ್ಣೆಸ್ನಾನದ ಕೂಸು! ಗುಂಪಿನವರು ಕೈಮುಗಿದ ಚಿಹ್ನೆಗಳನ್ನು ಹಾಕಿ ಆಶೀರ್ವದಿಸಿದರೆನ್ನಿ. ಸೊಸೆಗೆ ಅದು ತಿಳಿದುದು, ಆಕೆಯ ಕಚೇರಿಯ ಗೆಳತಿಯೊಬ್ಬಳ ತಂದೆಯೂ ಅದೇ ಗುಂಪಿನಲ್ಲಿದ್ದುದರಿಂದ.

ಅಷ್ಟಮಿಯ ರಜೆಯಲ್ಲಿ ಊರಿಗೆ ಬಂದ ಆ ಸೊಸೆಯು ಮಾವನಿಗೆ ಹೇಳಿದುದನ್ನು ನಾನು ಕಿವಿಯಾರೆ ಕೇಳಿದೆನು. "ಮಾವಾ, ನೀವು ಎಷ್ಟು ಬೇಕಾದರೂ ನೋಡಿ. ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿ. ಆದರೆ ಆ ಇನ್ನೂರು ಮುನ್ನೂರು ಜನರ ಗುಂಪಿಗೆ ಬೇಡ. ಅವರಲ್ಲಿ ಅರ್ಧ ಜನರ ಗುರುತು ನಿಮಗೂ ಇಲ್ಲ. ನಾಳೆ ಇವಳು ಹೈಸ್ಕೂಲಿಗೆ ಹೋಗುವಾಗ ಆ ಪಟ ಯಾರ ಕೈಯಲ್ಲಿರುತ್ತದೆಂದು ನಾವು ಹೇಳಬಹುದೆ?"

ಈ ಮಾತಿನಲ್ಲಿ ಅವಿನಯವೇನೂ ನನಗೆ ಕಾಣಲಿಲ್ಲ. ಹೊಸತೂ ಕಾಣಲಿಲ್ಲ. ಮನುಸ್ಮೃತಿಯ ಪ್ರಕಾರ ಶಿಶುವನ್ನು ಮನೆಯಿಂದ ಹೊರಗೆ ಕರೆತರುವ ನಿಷ್ಕ್ರಮಣವೇ ನಾಲ್ಕನೆಯ ತಿಂಗಳಿನಲ್ಲಿ. ಹೊರಲೋಕದ ಕಣ್ಣಿಗೆ ಕೂಸನ್ನು ಒಡ್ಡುವುದು ಒಂದು ಸಂಸ್ಕಾರ. ಅದಕ್ಕೊಂದು ಹೊತ್ತು, ಒಂದು ಕ್ರಮ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ನಾಮಕರಣದ ಪ್ರಸ್ತಾಪ ಬರುವೆಡೆ ಇನ್ನೂ ಸ್ವಾರಸ್ಯವಾದ ವಿಧಿಯೊಂದುಂಟು: ಎಲ್ಲರೂ ಕರೆಯುವ ಹೆಸರಲ್ಲದೆ ಅಭಿವಾದನೀಯವೆಂಬ ಬೇರೊಂದು ಹೆಸರನ್ನೂ ಆರಿಸಬೇಕು, ಉಪನಯನದವರೆಗೆ ಅದು ತಂದೆತಾಯಿಗಳಿಗೆ ಮಾತ್ರವೇ ತಿಳಿದಿರಬೇಕು. ಕೂಸಿನದಾದ ಯಾವುದೋ ಒಂದನ್ನು, ಅದು ದೊಡ್ಡದಾಗಿ ತಾನೇ ಉಚ್ಚರಿಸುವವರೆಗೆ, ಇಬ್ಬರೇ ಕಾಪಾಡಿಕೊಳ್ಳುವುದು! ಆ ಸೂತ್ರಕಾರನು ಇಂದಿದ್ದಿದ್ದರೆ ನೆರೆಮನೆಯ ಸೊಸೆಯ ಪಕ್ಷವನ್ನೇ ಹಿಡಿಯುತ್ತಿದ್ದನು.

"ನಮ್ಮ ಕೂಸು ನಮ್ಮದಲ್ಲವೋ" ಎಂಬ ಪ್ರಶ್ನೆಗೂ ಧರ್ಮಶಾಸ್ತ್ರದ ಪರಿಭಾಷೆಯಲ್ಲಿಯೇ ಉತ್ತರವನ್ನು ಹುಡುಕಬಹುದು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ, ಎಂದರೆ ಕಟ್ಟಳೆಗೆ ಬರುವ ವಿವಾದಗಳಲ್ಲಿ, ಮೊದಲನೆಯದು ಸಾಲ. ಎರಡನೆಯದು ನಿಕ್ಷೇಪ, ನಂಬಿ ಇಟ್ಟ ಇಡುಗಂಟು. ಯಾಜ್ಞವಲ್ಕ್ಯನು ಉಪನಿಧಿಯೆಂಬ ಬಗೆಯನ್ನೂ ಹೇಳುತ್ತಾನೆ: ಒಳಗೆ ಏನಿದೆಯೆಂದು ತಿಳಿಸದೆ ಮುಚ್ಚಿದ ಪೆಟ್ಟಿಗೆಯಲ್ಲಿ ಒಪ್ಪಿಸಿದುದು, ಅದನ್ನು ಇದ್ದ ಹಾಗೆಯೇ ಹಿಂತಿರುಗಿಸಬೇಕು. ಎಳೆಗೂಸಿನ ಪಟವು ಇಂಥ ಉಪನಿಧಿಯೇ ಸರಿ. ಒಳಗೇನಿದೆಯೆಂಬುದು ಇಲ್ಲಿ ಒಡೆಯನಿಗೇ ಇನ್ನೂ ತಿಳಿಯದು. ಅವನು ಮುಂದೆ ಲಜ್ಜಾಳುವಾಗುವನೋ, ಸಭೆಗಳಲ್ಲಿ ಭಾಷಣ ಮಾಡುವವನಾಗುವನೋ, ತನ್ನ ಬಾಲ್ಯದ ಕಾಯಿಲೆಯನ್ನು ಯಾರಿಗೂ ಹೇಳಬಾರದೆಂದು ಬಯಸುವವನೋ, ಇಂದೇ ಬಲ್ಲವರು ಯಾರು?

ಹೊರಗೆ ಹೋದ ಪಟವು ಏನಾಗುವುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ದಾರುಣವಾದ ನಿದರ್ಶನವಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯು ದೇಶದಲ್ಲೆಲ್ಲ ಹಬ್ಬಿದಾಗ, ಅದರೊಡನೆ ಮಕ್ಕಳ ಚಿತ್ರಗಳೂ ಮೊಬೈಲಿನಿಂದ ಮೊಬೈಲಿಗೆ ಹಾರಿದುವು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ಒಂದು ಚಲಚ್ಚಿತ್ರವಂತೂ ಎಲ್ಲರ ಕೈಯಲ್ಲಿಯೂ ಇದ್ದಿತು. ಅದು ವಾಸ್ತವವಾಗಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ವಿಷಯದಲ್ಲಿ ಎಚ್ಚರ ಹೇಳುವುದಕ್ಕೆಂದು ತಯಾರಿಸಿದ್ದು. ಕೊನೆಯಲ್ಲಿ ಮಗುವನ್ನು ಹಿಂದಕ್ಕೆ ತಂದುಬಿಟ್ಟು ಬುದ್ಧಿಮಾತನ್ನು ತೋರಿಸುವ ಭಾಗವನ್ನು ಯಾರೋ ಕತ್ತರಿಸಿದ್ದರು. 2013ರಲ್ಲಿ ಸಿರಿಯಾ ದೇಶದಲ್ಲಿ ವಿಷವಾಯುವಿಗೆ ಬಲಿಯಾದ ಮಕ್ಕಳ ಚಿತ್ರವನ್ನೂ, ಇವರು ಕಳ್ಳರ ಕೈಗೆ ಸಿಕ್ಕಿದ ನಮ್ಮ ಮಕ್ಕಳೆಂದು ಹೇಳಿ ಹಂಚಿದರು. ಆ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ಕಡೆಯ ಹಳ್ಳಿಯೊಂದರಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕರು ಶಾಲೆಯ ಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟು ಕೊಟ್ಟರು. ಕೂಡಲೇ ಇವರೇ ಕಳ್ಳರೆಂಬ ಸುದ್ದಿಯು ಅವರ ಚಿತ್ರದೊಡನೆ ಮುಂದಿನ ಊರಿಗೆ ಹೋಯಿತು. ಮುರ್ಕಿ ಎಂಬಲ್ಲಿ ದಾರಿಗೆ ಅಡ್ಡಕಟ್ಟಿದ ಜನಸಮೂಹದ ಏಟಿಗೆ ಒಬ್ಬ ಎಂಜಿನಿಯರನು ಪ್ರಾಣವನ್ನೇ ಬಿಟ್ಟನು. ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡದಂತೆ ವಾಟ್ಸಾಪ್ ಕಂಪೆನಿಯು ನಮ್ಮ ದೇಶದಲ್ಲಿ ತಡೆ ಹಾಕಿದುದು ಅದೇ ತಿಂಗಳಿನಲ್ಲಿ. ಕರಾಚಿಯ ಚಿತ್ರದಲ್ಲಿದ್ದ ಮಗುವನ್ನಾಗಲಿ ಸಿರಿಯಾದ ಆ ನತದೃಷ್ಟ ಮಕ್ಕಳ ಹೆತ್ತವರನ್ನಾಗಲಿ ಕೇಳಿದವರು ಯಾರು? ಪಟವು ಒಮ್ಮೆ ಒಡೆಯನನ್ನು ಅಗಲಿತೆಂದರೆ, ಎತ್ತಿಕೊಂಡವನು ಹೇಳಿದುದೇ ಅದರ ಕಥೆ. ಈಚೆಗೆ ಕೃತಕ ಬುದ್ಧಿಮತ್ತೆಯ ಯಂತ್ರಗಳು ಒಂದು ಮುಖವನ್ನು ಕೊಟ್ಟರೆ ಅದಕ್ಕೆ ಯಾವ ದೇಹವನ್ನಾದರೂ ಜೋಡಿಸಬಲ್ಲುವು. ಈ ಪತ್ರಿಕೆಯನ್ನು ಮನೆಮಂದಿಯೆಲ್ಲ ಓದುವರಾದುದರಿಂದ ಅದನ್ನು ಹೆಚ್ಚು ಬಿಡಿಸಿ ಬರೆಯುವುದಿಲ್ಲ.

ಹಾಗಾದರೆ ಮಗುವಿನ ಪಟವನ್ನು ಎಂದೂ ಲೋಕಕ್ಕೆ ತೋರಿಸಲೇ ಬಾರದೆ? ಹಾಗೆಂದು ಕೊಕ್ಕಡದವನಾದ ನಾನು ಹೇಳಲಾರೆ. ನಮ್ಮ ಊರಿನ ಚರಿತ್ರೆಯೇ ಅಡ್ಡ ಬರುತ್ತದೆ. ಕೊಕ್ಕಡ, ನಿಡ್ಲೆ, ಪಟ್ರಮೆಯ ಸುತ್ತಿನ ಗೇರುತೋಟಗಳಲ್ಲಿ, ಹೂವನ್ನೂ ಚಿಗುರನ್ನೂ ಕರಟಿಸುವ ಚಹಾ ಸೊಳ್ಳೆಯ ನಾಶಕ್ಕಾಗಿ, 1980ರ ದಶಕದಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ಗಡಿಯಾಚೆಗೆ ಕಾಸರಗೋಡಿನ ಗೇರುಗುಡ್ಡಗಳಲ್ಲಿಯೂ ಇದೇ ಕಥೆ. ಆ ಊರುಗಳಲ್ಲಿ ಅಂಗವೈಕಲ್ಯದಿಂದಲೂ ಬುದ್ಧಿಮಾಂದ್ಯದಿಂದಲೂ ನರಳುವ ಮಕ್ಕಳು ಒಂದೊಂದು ಮನೆಯಲ್ಲಿ ಒಬ್ಬರೋ ಇಬ್ಬರೋ ಕಾಣಿಸಿಕೊಂಡರು. ಅಲ್ಲಿನ ಪಡ್ರೆ ಗ್ರಾಮದ ವೈದ್ಯರಾದ ವೈ. ಎಸ್. ಮೋಹನಕುಮಾರರು ಕಾಯಿಲೆಗಳ ಲೆಕ್ಕವಿಟ್ಟರು. ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆಯವರು ಬರೆದರು. ಬರಹವನ್ನು ಓದಿದವರು ಹೌದೋ ಅಲ್ಲವೋ ಎಂದು ಸಂಶಯಪಟ್ಟರು. ಆದರೆ ಮಾತೃಭೂಮಿ ಪತ್ರಿಕೆಯ ಛಾಯಾಗ್ರಾಹಕ ಮಧುರಾಜರು ತೆಗೆದಂಥ ಆ ಮಕ್ಕಳ ಚಿತ್ರಗಳನ್ನು ನೋಡಿದವರು ಮೊದಲಿನಂತೆ ಸುಮ್ಮನಿರಲಾರದಾದರು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನವು ಈ ವಿಷವನ್ನು ಲೋಕದಿಂದಲೇ ತೊಲಗಿಸಬೇಕೆಂದು ನಿಶ್ಚಯಿಸಿತು. ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ತಡೆಯಿತು. ಪೀಡಿತರಿಗಾಗಿ ಕೊಕ್ಕಡದಲ್ಲಿ ಪಾಲನಾ ಕೇಂದ್ರವೊಂದು ತೆರೆಯಲ್ಪಟ್ಟಿತು.

ಆ ಚಿತ್ರಗಳು ಪ್ರಕಟವಾದುದು ಸರಿಯೇ? ಸರಿಯೆಂದೇ ನಾನು ಹೇಳುವೆನು. ಮುಚ್ಚಿಟ್ಟಿದ್ದರೆ ಹೆಲಿಕಾಪ್ಟರು ಇನ್ನೂ ಎಷ್ಟು ವರ್ಷ ಹಾರುತ್ತಿದ್ದಿತೋ. ಆದರೂ ಒಂದು ನೋವು ಮನಸ್ಸಿನಲ್ಲಿ ಉಳಿಯುವುದು. ಮಾತು ಬಾರದ, ಎದ್ದು ನಿಲ್ಲಲಾರದ ಆ ಮಕ್ಕಳು ಬೇಡವೆನ್ನಲೂ ಶಕ್ತರಾಗಿರಲಿಲ್ಲ. ಅವರ ದೇಹವೇ ಸಾಕ್ಷಿಯಾಯಿತು. ಹಾಗೆ ಸಾಕ್ಷಿಯಾದವರ ತಾಯಂದಿರು ಒಂದು ಪಕ್ಷದಲ್ಲಿ ಪರಿಹಾರ ಸಿಕ್ಕೀತೆಂಬ ಆಸೆಯಿಂದಲೂ ಇನ್ನೊಂದು ಪಕ್ಷದಲ್ಲಿ ಮಗುವನ್ನು ಹೀಗೆ ತೋರಿಸಬೇಕಾಯಿತಲ್ಲಾ ಎಂಬ ಸಂಕೋಚದಿಂದಲೂ ಬೆಂದವರು. ಮಗುವಿಗೋ ಅದರಂಥ ಇತರ ಮಕ್ಕಳಿಗೋ ಹಿತವಾಗಬೇಕೆಂದು, ಹೆತ್ತವರು ಎದುರಿಗಿದ್ದು ಒಪ್ಪಿ, ಹೊಣೆಯುಳ್ಳವರ ಕೈಗೆ ಕೊಟ್ಟ ಚಿತ್ರ ಒಂದು ಬಗೆ. ಸೌತಡ್ಕದ ಬಯಲು ಗಣಪತಿಯ ಮುಂದೆ ಕೂಸನ್ನು ಎತ್ತಿಹಿಡಿದ ದಂಪತಿಗಳ ಪಕ್ಕದಲ್ಲಿ ನಿಂತು, ಗುರುತು ಪರಿಚಯವಿಲ್ಲದವರು ಚಂದ ಕಂಡಿತೆಂದು ತೆಗೆದು ಹರಿಯಬಿಡುವ ಚಿತ್ರ ಬೇರೊಂದು ಬಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಕೂಡದು.

ಕಾನೂನು ಇದರಲ್ಲಿ ಎಷ್ಟು ದೂರ ಬರುವುದೆಂದರೆ, ಬಹಳ ದೂರವೇನೂ ಬರುವುದಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತವಾದ ಹಕ್ಕೆಂದು ಘೋಷಿಸಿದರು. ಅವರಲ್ಲೊಬ್ಬರು ಮಕ್ಕಳ ಖಾಸಗಿತನಕ್ಕೆ ವಿಶೇಷವಾದ ರಕ್ಷಣೆ ಬೇಕೆಂಬುದನ್ನೂ ಪ್ರಸ್ತಾಪಿಸಿದ್ದಾರೆ. 2015ರ ಬಾಲನ್ಯಾಯ ಕಾಯಿದೆಯಂತೆ, ಅಪರಾಧಕ್ಕೆ ಗುರಿಯಾದ ಅಥವಾ ಆಸರೆ ಬೇಕಾದ ಮಗುವಿನ ಪಟವನ್ನು ಪತ್ರಿಕೆಗಳಲ್ಲಿ ಗುರುತು ಸಿಕ್ಕುವಂತೆ ಪ್ರಕಟಿಸುವುದು ದಂಡನಾರ್ಹವಾಗಿದೆ. 2023ರಲ್ಲಿ ಅಂಗೀಕೃತವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರ ವಿವರಗಳನ್ನು ಕಂಪೆನಿಗಳು ಬಳಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕೆನ್ನುವುದು. ಆದರೆ ಮನೆಮಂದಿಯು ಮನೆಯ ಬಳಕೆಗಾಗಿ ಮಾಡುವುದಕ್ಕೆ ಅದು ಅನ್ವಯಿಸುವುದಿಲ್ಲ. ಹೆತ್ತವರೇ ಹರಡಿದರೆ? ಫ್ರಾನ್ಸ್ ದೇಶದವರು 2024ರ ಫೆಬ್ರವರಿಯಲ್ಲಿ ಅದಕ್ಕೂ ಒಂದು ಶಾಸನ ಮಾಡಿದ್ದಾರೆ: ಮಗುವಿನ ಚಿತ್ರದ ಹಕ್ಕನ್ನು ತಂದೆತಾಯಿಗಳು ಕೂಡಿ ಕಾಯಬೇಕು, ಮಗುವಿನ ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಅದನ್ನೂ ಕೇಳಬೇಕು. ನಮ್ಮಲ್ಲಿ ಜಗಲಿಯ ನ್ಯಾಯವೇ ಸದ್ಯಕ್ಕೆ ಗತಿ.

ಆ ಜಗಲಿಯಲ್ಲಿ ಮಾವ ಸೊಸೆಯರ ನಡುವೆ ಕೊನೆಗೆ ಏರ್ಪಾಡಾದುದು ಹೀಗೆ. ಮನೆಯ ಹನ್ನೊಂದು ಮಂದಿಗೆಂದು ಬೇರೆ ಗುಂಪೊಂದು ಆಯಿತು. ಕೂಸಿನ ಪಟಗಳು ಅಲ್ಲಿಗೆ ಮಾತ್ರ. ಸ್ನಾನದ, ಕಾಯಿಲೆಯ, ಅಳುವಿನ ಪಟಗಳು ಅಲ್ಲಿಗೂ ಇಲ್ಲ. ಹುಟ್ಟಿದ ದಿನಾಂಕ, ಆಸ್ಪತ್ರೆಯ ಚೀಟಿ, ಆಧಾರ್ ಕಾರ್ಡು, ಮುಂದೆ ಶಾಲೆಯ ಸಮವಸ್ತ್ರ, ಇವು ಕಾಣುವ ಚಿತ್ರಗಳನ್ನು ಯಾವ ಗುಂಪಿಗೂ ಹಾಕತಕ್ಕದ್ದಲ್ಲ. ಪಟ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಮೊಬೈಲು ತಾನಾಗಿಯೇ ಬರೆದುಕೊಳ್ಳುವುದುಂಟು. ಕ್ಯಾಮರಾದ ಸೆಟ್ಟಿಂಗಿನಲ್ಲಿ ಅದನ್ನು ನಿಲ್ಲಿಸಬಹುದೆಂದು ಸೊಸೆಯು ಮಾವನಿಗೆ ತೋರಿಸಿಕೊಟ್ಟಳು. ಮಾವನವರು ತಮ್ಮ ಕಡೆಯಿಂದ ಒಂದು ಷರತ್ತು ಹಾಕಿದರು. "ಹಾಗಾದರೆ ನನಗೆ ಕೈಯಲ್ಲಿ ಹಿಡಿಯುವಂಥ ಪಟ ಬೇಕು. ಮೊಬೈಲು ಬಿದ್ದು ಒಡೆದರೆ ನನ್ನ ಮೊಮ್ಮಗಳು ಎಲ್ಲಿ?"

ಷರತ್ತು ನ್ಯಾಯವಾದುದು. ಮೊಬೈಲಿನಲ್ಲಿ ನಾಲ್ಕು ಸಾವಿರ ಪಟಗಳಿದ್ದು ಗೋಡೆಯ ಮೇಲೆ ಒಂದೂ ಇಲ್ಲದ ಮನೆಗಳು ಈಗ ಬಹಳ. ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡನ್ನು ಆರಿಸಿ ಅಚ್ಚು ಹಾಕಿಸಿದರೆ ಖರ್ಚೂ ಹೆಚ್ಚಲ್ಲ. ಆರಿಸುವ ಕೆಲಸವೇ ಕಷ್ಟವಾದುದು, ಆನಂದವಾದುದು ಸಹ. ಅತ್ತೆ ಸೊಸೆಯರು ಒಟ್ಟಿಗೆ ಕುಳಿತು ಮಾಡಿದರೆ ಇನ್ನೂ ಚೆನ್ನು. ನಮ್ಮ ಕಡೆಯ ಮಳೆಗಾಲವನ್ನು ಮಾತ್ರ ಮರೆಯಬಾರದು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಸೀಮೆಯಲ್ಲಿ, ಗಾಜಿಗೆ ತಾಗಿಸಿ ಕಟ್ಟು ಹಾಕಿದ ಪಟವು ಗಾಜಿಗೇ ಅಂಟಿ ಕಿತ್ತುಬರುವುದು; ಬೂಸು ಹಿಡಿಯುವುದು. ಕಟ್ಟು ಹಾಕಿಸುವಾಗ ಗಾಜಿಗೂ ಪಟಕ್ಕೂ ನಡುವೆ ಸುತ್ತಲೂ ದಪ್ಪ ಕಾಗದದ ಅಂಚನ್ನು ಇಡಿಸಬೇಕು. ಹೊರಗೋಡೆಗೆ, ಅದರಲ್ಲಿಯೂ ಮಳೆ ಹೊಡೆಯುವ ಪಡುಗೋಡೆಗೆ, ತೂಗಹಾಕಬಾರದು. ಆಲ್ಬಮ್ಮನ್ನು ಆಟಿ ಸೋಣಗಳು ಕಳೆದ ಮೇಲೆ ಒಂದು ಬಿಸಿಲಿನ ದಿನ ತೆರೆದು ನೆರಳಿನಲ್ಲಿ ಗಾಳಿಗಿಡಬೇಕು. ನೇರವಾದ ಬಿಸಿಲಿಗೆ ಬಣ್ಣ ಹೋಗುವುದು. ಬಾಲ್‌ಪೆನ್ನಿನಿಂದ ಪಟದ ಹಿಂದೆ ಒತ್ತಿ ಬರೆದರೆ ಮುಂದಿನ ಮುಖದಲ್ಲಿ ಗೆರೆ ಮೂಡುವುದರಿಂದ, ಪಕ್ಕದ ಹಾಳೆಯ ಮೇಲೆಯೇ ದಿನಾಂಕ, ಸ್ಥಳ, ಕೂಸಿನ ಹೆಸರುಗಳನ್ನು ಬರೆದಿಡಿರಿ. ಕೂಸನ್ನು ಎತ್ತಿಕೊಂಡಿರುವವರ ಹೆಸರನ್ನೂ ಬರೆಯಿರಿ. ಅದನ್ನು ಬರೆಯದೆ ಬಿಟ್ಟು, ಮೂವತ್ತು ವರ್ಷಗಳ ಮೇಲೆ "ಈ ಕೈಗಳು ಯಾರವು?" ಎಂದು ಕೇಳುವ ಮನೆಗಳನ್ನು ನಾನು ಹಲವು ನೋಡಿದ್ದೇನೆ.